ಟ್ಯಾಂಕೋ, ಲೇಕೋ?

ಸೇಲಮ್ಮಿನ ಬಯಲನ್ನು ಬಿಟ್ಟು, ಸೇರ್ವರಾಯನ್ ಬೆಟ್ಟದ ತಿರುವುಗಳನ್ನು ಒಂದೊಂದಾಗಿ ಹತ್ತಿ, ಸುಮಾರು 1500 ಮೀಟರ್ ಎತ್ತರದ ಏರ್ಕಾಡನ್ನು ಸೇರುವ ಕನ್ನಡಿಗನಿಗೆ, ಅಲ್ಲಿಯ ಜಲರಾಶಿ ಕಣ್ಣಿಗೆ ಬೀಳುವ ಮುನ್ನವೇ ಊರಿನ ಹೆಸರಿನಲ್ಲಿ ಒಂದು ವಿನೋದ ಎದುರಾಗುತ್ತದೆ. ತಮಿಳಿನ ‘ಏರಿ’ಯೂ ‘ಕಾಡು’ವೂ ಕೂಡಿ ಏರ್ಕಾಡು ಆಯಿತೆಂಬುದು ರೂಢಿಯ ವಿವರಣೆ. ಕಾಡು ನಮಗೂ ಕಾಡೇ. ಆದರೆ ಏರಿಯೆಂದರೆ ತಮಿಳರಿಗೆ ಕೆರೆ, ನಮಗೋ ಆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಒಡ್ಡು. ಅವರು ನೀರನ್ನು ಕಂಡು ಹೆಸರಿಟ್ಟರು, ನಾವು ನೀರನ್ನು ಹಿಡಿದಿಟ್ಟದ್ದನ್ನು ಕಂಡು ಹೆಸರಿಟ್ಟೆವು. ನಮ್ಮೊಳಗಿನ ಈ ವ್ಯತ್ಯಾಸ ಯಾರಿಗೂ ತೊಂದರೆ ಕೊಟ್ಟಂತಿಲ್ಲ. ತೊಂದರೆ ಕೊಟ್ಟಿರುವುದು, ಇವೆರಡು ನಾಡುಗಳ ಕೆರೆಗಳಿಗೂ ಆಂಗ್ಲರು ಇಟ್ಟುಹೋದ ಜೋಡಿ ಹೆಸರು.

ಬೆಟ್ಟದ ಮೇಲಿನ ಈ ಏರಿಯನ್ನು ಅವರು ‘ಲೇಕ್’ ಎಂದರು. ಕೆಳಗೆ ಸೇಲಂ, ಧರ್ಮಪುರಿಗಳ ಬಯಲಿನ ಏರಿಗಳನ್ನು ಅದೇ ಜನ ‘ಟ್ಯಾಂಕ್’ ಎಂದರು. ಲೇಕ್ ಪ್ರಕೃತಿದತ್ತವಾದ ಸರೋವರ, ಟ್ಯಾಂಕ್ ಮನುಷ್ಯನಿರ್ಮಿತವಾದ ಜಲಾಶಯ ಎಂಬ ನಿಘಂಟಿನ ಭೇದವನ್ನು ಓದಿದವನು ಅಷ್ಟಕ್ಕೇ ತೃಪ್ತನಾಗಬಹುದು. ಆದರೆ ಆ ಭೇದ ಉದಕಮಂಡಲದವರೆಗೂ ನಿಲ್ಲುವಂಥದಲ್ಲ. ಅಲ್ಲಿಯ ಲೇಕನ್ನು 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ತೊರೆಗೆ ಅಡ್ಡಲಾಗಿ ಒಡ್ಡು ಹಾಕಿಸಿ ನಿರ್ಮಿಸಿದನು. ಕೊಡೈಕಾನಲ್ಲಿನ ಲೇಕನ್ನು 1863ರಲ್ಲಿ ವಿಯರ್ ಲೆವಿಂಜ್ ಎಂಬ ಅಧಿಕಾರಿ ಅಂತೆಯೇ ಕಟ್ಟಿಸಿದನು. ನಿಘಂಟಿನ ಪ್ರಕಾರ ಎರಡೂ ಶುದ್ಧಾಂಗ ಟ್ಯಾಂಕುಗಳು. ಹಾಗೆಂದು ಕರೆಯುವ ಯೋಚನೆ ಯಾರಿಗೂ ಬರಲಿಲ್ಲ. ಏಕೆಂದರೆ ಆ ನೀರಿನಲ್ಲಿ ದೋಣಿ ಬಿಡಬೇಕಾಗಿತ್ತು, ಆ ದಡದಲ್ಲಿ ಬಂಗಲೆ ಕಟ್ಟಬೇಕಾಗಿತ್ತು, ಸಂಜೆಯ ಮಂಜಿನಲ್ಲಿ ತಮ್ಮ ದೇಶವನ್ನು ನೆನೆಯಬೇಕಾಗಿತ್ತು.

ಆದುದರಿಂದ ಈ ಎರಡು ಪದಗಳ ನಡುವೆ ಆರಿಸಿದ್ದು ನೀರಿನ ಗುಣವಲ್ಲ, ನೀರಿನಿಂದ ಹೇಳುವವನು ಬಯಸಿದ್ದೇನು ಎಂಬುದು. ಕಂದಾಯ ಬರುವ ನೀರು ಟ್ಯಾಂಕ್. ನೋಟ ಸಿಗುವ ನೀರು ಲೇಕ್. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನಿಂದ ಸೇಲಂ ಮತ್ತು ಬಾರಾಮಹಲ್ ಸೀಮೆಗಳು ಕಂಪನಿಯ ಕೈಸೇರಿ, ಅಲೆಕ್ಸಾಂಡರ್ ರೀಡನೂ ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋವೂ ಹಳ್ಳಿಹಳ್ಳಿಯ ನೆಲವನ್ನು ಅಳೆಯಿಸಿ ರೈತವಾರಿ ಪದ್ಧತಿಗೆ ತಳಹದಿ ಹಾಕುತ್ತಿದ್ದ ಕಾಲದಲ್ಲಿ, ಕೆರೆ ತುಂಬಿದರೆ ಗದ್ದೆ, ಗದ್ದೆ ಬೆಳೆದರೆ ಬೊಕ್ಕಸ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು. ಅಂಥ ನೀರನ್ನು ಕಾವ್ಯಮಯವಾಗಿ ಲೇಕ್ ಎಂದು ಕರೆದು ಲೆಕ್ಕಪತ್ರ ಬರೆಯಲಾಗುತ್ತದೆಯೆ?

ಟ್ಯಾಂಕ್ ಎಂಬ ಪದದ ವಂಶಾವಳಿಯೂ ಸ್ವಾರಸ್ಯವಾದುದೇ. ಅದು ಆಂಗ್ಲರ ಮನೆಯ ಮಾತಲ್ಲ. ಪೋರ್ಚುಗೀಸರ ‘ಟಾಂಕ್’ ಒಂದು ಕಡೆ, ಗುಜರಾತಿನಲ್ಲಿ ನೆಲದಡಿಯ ನೀರ್ತೊಟ್ಟಿಗೆ ಹೇಳುವ ‘ಟಾಂಕಾ’ ಇನ್ನೊಂದು ಕಡೆ, ಇವುಗಳಲ್ಲಿ ಯಾವುದು ತಾಯಿ ಎಂಬ ವ್ಯಾಜ್ಯವನ್ನು 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವೇ ವಿಸ್ತಾರವಾಗಿ ಚರ್ಚಿಸಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಹೊಸ ಉಕ್ಕಿನ ರಥವನ್ನು ಶತ್ರುವಿಗೆ ತಿಳಿಯದಂತೆ ಬಚ್ಚಿಡಲು, ಅದು ನೀರಿನ ತೊಟ್ಟಿಯೆಂಬ ಸೋಗಿನಲ್ಲಿ ಅದೇ ಹೆಸರನ್ನು ಕೊಟ್ಟರು. ಅಲ್ಲಿಂದೀಚೆಗೆ ಪದದ ದೆಸೆ ಕೆಟ್ಟಿತು. ಈಗ ಟ್ಯಾಂಕ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ರಣರಂಗ, ಇಲ್ಲವೆ ತಾರಸಿಯ ಮೇಲಿನ ಸಿಂಟೆಕ್ಸು. ಬೇಸಗೆಯಲ್ಲಾದರೆ, ಬಾರದ ಟ್ಯಾಂಕರು.

ಇದರ ಪರಿಣಾಮವನ್ನು ಕಾಣಬೇಕಾದವರು ಬೆಂಗಳೂರಿಗೆ ಬರಬೇಕು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಗಿ, ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರು ಮಾತ್ರ ಪಕ್ಕದಲ್ಲಿ ಉಳಿಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. 1985ರಲ್ಲಿ ಸರ್ಕಾರ ನೇಮಿಸಿದ ಲಕ್ಷ್ಮಣ ರಾವ್ ಸಮಿತಿಯ ಕಡತಗಳಲ್ಲಿ ಉಳಿದ ಕೆರೆಗಳೆಲ್ಲ ಇನ್ನೂ ಟ್ಯಾಂಕುಗಳೇ. 2002ರಲ್ಲಿ ಅವುಗಳ ರಕ್ಷಣೆಗೆಂದು ಪ್ರಾಧಿಕಾರವೊಂದು ಹುಟ್ಟುವ ಹೊತ್ತಿಗೆ ಅದರ ಫಲಕದ ಮೇಲೆ ಬಂದು ಕುಳಿತದ್ದು ಲೇಕ್. ಮನೆ ಮಾರುವವರ ಜಾಹೀರಾತುಗಳಲ್ಲಿ ‘ಲೇಕ್ ವ್ಯೂ’ ಎಂಬುದಕ್ಕೆ ಬೆಲೆ ಬಂದದ್ದೂ ಈ ಕಾಲದಲ್ಲೇ. ‘ಟ್ಯಾಂಕ್ ವ್ಯೂ’ ಎಂದರೆ ಕೊಳ್ಳುವವನು ಪಕ್ಕದ ಮನೆಯ ತಾರಸಿಯನ್ನು ನೆನೆದಾನು. (ಈ ಬದಲಾವಣೆಗೆ ಮಣಿಯದೆ ಉಳಿದದ್ದು ಸ್ಯಾಂಕಿ ಟ್ಯಾಂಕ್ ಎಂಬುದು ವಿಚಿತ್ರ. 1882ರಲ್ಲಿ ಊರಿಗೆ ನೀರು ಒದಗಿಸಲೆಂದು ಕಟ್ಟಿದ, ಇಂದು ಜನ ಸುತ್ತ ನಡೆದಾಡಿ ನೋಟ ಸವಿಯುವ ಆ ನೀರು ಬಳಕೆಯಲ್ಲಿ ಲೇಕೇ ಆಗಿದ್ದರೂ ಹೆಸರಿನಲ್ಲಿ ಟ್ಯಾಂಕು.)

ಇದು ಬರಿಯ ಅಲಂಕಾರದ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಟ್ಯಾಂಕ್ ಎಂದೊಡನೆ ಅದರ ಹಿಂದೆಯೇ ಏರಿ ಬರುತ್ತದೆ, ತೂಬು ಬರುತ್ತದೆ, ಕೋಡಿ ಬರುತ್ತದೆ, ಅಚ್ಚುಕಟ್ಟು ಬರುತ್ತದೆ, ತೂಬನ್ನು ಎತ್ತಿ ಇಳಿಸುವ ನೀರುಗಂಟಿ ಬರುತ್ತಾನೆ. ಮೇಲಿನ ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುವ ಸರಪಳಿ ಬರುತ್ತದೆ. ಲೇಕ್ ಎಂದರೆ ಬರುವುದು ನೀರೊಂದೇ, ಮತ್ತು ಅದರ ಸುತ್ತ ಒಂದು ಬೇಲಿ. ಲೇಕನ್ನು ಉದ್ಧರಿಸಹೊರಟವರು ನಡುವೆ ದ್ವೀಪ, ಸುತ್ತ ನಡೆದಾಡುವ ಹಾದಿ, ಹಾದಿಗೆ ದೀಪ ಇಟ್ಟು ಕೃತಾರ್ಥರಾದರು; ಕೋಡಿಯ ಮೇಲೆ ಮನೆಗಳು ಬಂದದ್ದನ್ನೂ ರಾಜಕಾಲುವೆ ಕೊಳಚೆಯ ಹಾದಿಯಾದದ್ದನ್ನೂ ಎಷ್ಟೋ ಕಡೆ ಕಾಣದೆ ಹೋದರು. ಸರೋವರಕ್ಕೆ ಕೋಡಿಯಿರಬೇಕೆಂದು ಯಾವ ನಿಘಂಟು ಹೇಳುತ್ತದೆ?

ಸೇಲಂ ಜಿಲ್ಲೆಯಲ್ಲೇ ಮೂರನೆಯ ಪದವೂ ಉಂಟು. ಮೇಟ್ಟೂರಿನಲ್ಲಿ ಕಾವೇರಿಗೆ ಅಡ್ಡಲಾಗಿ 1934ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದಿನ ನೀರಿಗೆ ಮದರಾಸಿನ ಗವರ್ನರನ ಹೆಸರು ಕೂಡಿಸಿ ‘ಸ್ಟಾನ್ಲಿ ರಿಸರ್ವಾಯರ್’ ಎಂದರು. ಇಲ್ಲಿ ಗೊಂದಲವಿಲ್ಲ, ಎಂಜಿನಿಯರು ತನ್ನ ಕೃತಿಗೆ ತನ್ನ ಪದವನ್ನೇ ಆರಿಸಿಕೊಂಡನು.

ಕರ್ನಾಟಕದ ಶಾಸನಸಭೆ 2014ರಲ್ಲಿ ಕೆರೆಗಳ ಸಂರಕ್ಷಣೆಗೆ ಕಾಯಿದೆ ಮಾಡಿದಾಗ ಅದರ ಆಂಗ್ಲ ಶೀರ್ಷಿಕೆಯಲ್ಲಿದ್ದುದು ಲೇಕ್. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ಟ್ಯಾಂಕ್ ಎಂದು ಹಾಕಿ, ಕೆಲಸವನ್ನು ಸಣ್ಣ ನೀರಾವರಿ ಇಲಾಖೆಗೆ ವಹಿಸಿದರು. ಆ ಹಸ್ತಾಂತರದ ವಿಚಾರದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಪದದ ಆಯ್ಕೆಯ ಮಟ್ಟಿಗೆ ನನ್ನ ಮತ ತಿದ್ದುಪಡಿಯ ಕಡೆಗೆ. ಏರ್ಕಾಡಿನ ದೋಣಿಗಳ ನೀರು ಲೇಕಾಗಿಯೇ ಇರಲಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯ ಸುದ್ದಿಯನ್ನು ಆಂಗ್ಲದಲ್ಲಿ ಬರೆಯುವ ನಮ್ಮ ಪತ್ರಕರ್ತ ಮಿತ್ರರು ದಯವಿಟ್ಟು ಟ್ಯಾಂಕ್ ಎಂದೇ ಬರೆಯಬೇಕು. ಕನ್ನಡದಲ್ಲಿ ಬರೆಯುವವರಂತೂ ‘ಲೇಕ್’ ಅನ್ನು ಬಿಟ್ಟು ಕೆರೆಯೆಂದೇ ಬರೆದು, ಬರೆಯುವಾಗ ಅದರ ಕೋಡಿ ಎಲ್ಲಿತ್ತೆಂದು ಊರಿನ ಹಿರಿಯರನ್ನು ಕೇಳಿ ತಿಳಿದು ಅದನ್ನೂ ಸೇರಿಸಬೇಕು.