ನೀಲಗಿರಿಯ ಏರಿಗೆಂದೇ ಹುಟ್ಟಿದ ಎಂಜಿನ್‌ಗಳು

ಮೆಟ್ಟುಪಾಳಯಂನಿಂದ ಉದಕಮಂಡಲಕ್ಕೆ, ಅಂದರೆ ಊಟಿಗೆ, ಹೋಗುವ ನೀಲಗಿರಿ ಬೆಟ್ಟದ ರೈಲುದಾರಿಯ ಉದ್ದ 46 ಕಿ.ಮೀ. ಮಾತ್ರ. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,200 ಮೀಟರ್ ಮುಟ್ಟುವ ಈ ಮೀಟರ್ ಗೇಜ್ ದಾರಿಯ ನಿಜವಾದ ಕಷ್ಟವೆಲ್ಲ ನಡುವಿನ ಇಪ್ಪತ್ತು ಕಿ.ಮೀ.ಯಷ್ಟರಲ್ಲಿದೆ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿ ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರುತ್ತದೆ. ಅಂಥ ಏರಿನಲ್ಲಿ ನುಣುಪು ಹಳಿಯ ಮೇಲೆ ನುಣುಪು ಗಾಲಿ ಜಾರುತ್ತದೆ. ಎಂಜಿನ್‌ಗೆ ಎಷ್ಟೇ ಬಲವಿದ್ದರೂ ಬಂಡಿ ಮುಂದೆ ಹೋಗದು. ಇಲ್ಲಿ ದುಡಿದ ಉಗಿ ಎಂಜಿನ್‌ಗಳ ರೂಪ, ಕೆಲಸ, ಆಯಸ್ಸು ಎಲ್ಲವನ್ನೂ ತೀರ್ಮಾನಿಸಿದ್ದು ಈ ಏರು.

ನೀಲಗಿರಿಗೆ ರೈಲು ತರುವ ಯೋಚನೆ 1854ರಷ್ಟು ಹಳೆಯದು. ಆದರೆ ಏರನ್ನು ಹತ್ತುವ ಉಪಾಯ ಸಿಗಲು ಕಾಲ ಹಿಡಿಯಿತು. ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟಕ್ಕೆ ಹಲ್ಲಿನ ಹಳಿ ಹಾಕಿ ಹೆಸರಾಗಿದ್ದ ನಿಕ್ಲಾಸ್ ರಿಗ್ಗೆನ್‌ಬಾಕ್ 1882ರಲ್ಲಿ ಬಂದು ಸ್ಥಳ ನೋಡಿ ಅಂದಾಜು ಕೊಟ್ಟ. ಕಂಪನಿ ಕಟ್ಟಿದ್ದಾಯಿತು, ಹಣ ಕೂಡಲಿಲ್ಲ. 1891ರಲ್ಲಿ ಮದ್ರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಕೆಲಸಕ್ಕೆ ಚಾಲನೆ ಕೊಟ್ಟ ಮೇಲೂ ಕಂಪನಿ ದಿವಾಳಿಯಾಗಿ, ಹೊಸ ಕಂಪನಿ ಅದನ್ನು ಕೈಗೆತ್ತಿಕೊಂಡು, 1899ರ ಜೂನ್‌ನಲ್ಲಿ ಕೂನೂರಿನವರೆಗೆ ರೈಲು ಓಡಿತು. ಕೆಲವೇ ವರ್ಷಗಳಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. 1908ರಲ್ಲಿ ಹಳಿ ಮೊದಲು ಫರ್ನ್‌ಹಿಲ್‌ಗೆ, ತಿಂಗಳೊಪ್ಪತ್ತಿನಲ್ಲಿ ಊಟಿಗೆ ತಲುಪಿತು.

ಕೊನೆಗೆ ಬಳಸಿದ್ದು ರಿಗ್ಗೆನ್‌ಬಾಕ್‌ನ ಕೈಕೆಳಗೆ ಪಳಗಿದ್ದ ರೋಮನ್ ಆಬ್ಟ್‌ನ ವಿಧಾನ. ಎರಡು ಹಳಿಗಳ ನಡುವೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳು ಜೊತೆಜೊತೆಯಾಗಿ ಸಾಗುತ್ತವೆ. ಒಂದರ ಹಲ್ಲು ಇನ್ನೊಂದರ ಸಂದಿಗೆ ನೇರವಾಗಿರುತ್ತದೆ. ಹೀಗಾಗಿ ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರಕ್ಕೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. ಹಲ್ಲುಪಟ್ಟಿ ಶುರುವಾಗುವ ಕಡೆ ಮೊದಲ ತುಂಡು ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ. ಡ್ರೈವರ್ ವೇಗ ತಗ್ಗಿಸಿ, ಹಲ್ಲುಚಕ್ರವನ್ನು ಮೊದಲೇ ತಿರುಗಿಸಿಕೊಂಡು, ಹಲ್ಲಿಗೆ ಹಲ್ಲು ಕೂಡುವವರೆಗೆ ಮೆಲ್ಲಗೆ ಸಾಗಬೇಕು. ಅವಸರ ಮಾಡಿದರೆ ಹಲ್ಲು ಮುರಿಯುತ್ತದೆ.

ಮೊದಲ ಎಂಜಿನ್‌ಗಳು ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆಯವು. ಆದರೆ ಈ ದಾರಿಗೆ ಹೇಳಿ ಮಾಡಿಸಿದಂತೆ ಒದಗಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯ ಎಕ್ಸ್ ವರ್ಗದ ಎಂಜಿನ್. 1914ರಿಂದ 1925ರೊಳಗೆ ಹನ್ನೆರಡು, 1952ರಲ್ಲಿ ಐದು, ಒಟ್ಟು ಹದಿನೇಳು ಎಂಜಿನ್‌ಗಳು ಅಲ್ಲಿಂದ ಬಂದವು. ಇವುಗಳ ಒಳಗಿನ ಜಾಣ್ಮೆ ನಿಜಕ್ಕೂ ಮೆಚ್ಚುವಂಥದು. ಒಂದು ಎಂಜಿನ್‌ಗೆ ನಾಲ್ಕು ಸಿಲಿಂಡರ್: ಕೆಳಗಿನ ಎರಡು ಮಾಮೂಲಿ ಗಾಲಿಗಳನ್ನು ತಿರುಗಿಸುತ್ತವೆ, ಮೇಲಿನ ಎರಡು ಹಲ್ಲುಚಕ್ರಗಳನ್ನು. ತಪ್ಪಲಿನಲ್ಲಿ ಕೆಳಗಿನ ಜೋಡಿಯಷ್ಟೇ ಕೆಲಸ ಮಾಡಿ ಉಗಿ ಚಿಮಣಿಯಿಂದ ಹೊರಬೀಳುತ್ತದೆ. ಹಲ್ಲಿನ ಹಳಿ ಬಂದ ಕೂಡಲೇ ಅದೇ ಉಗಿಯನ್ನು ಹೊರಬಿಡದೆ ಮೇಲಿನ ಸಿಲಿಂಡರ್‌ಗಳಿಗೆ ಹರಿಸಲಾಗುತ್ತದೆ. ಒಂದು ಸಲ ದುಡಿದ ಉಗಿ ಕಡಿಮೆ ಒತ್ತಡದಲ್ಲಿ ಇನ್ನೊಂದು ಸಲ ದುಡಿಯುತ್ತದೆ. ಹೆಚ್ಚು ಬಲ ಬೇಕಾದ ಕಡೆಯೇ ಕಲ್ಲಿದ್ದಲಿನ ಉಳಿತಾಯವೂ ಆಗುತ್ತದೆ.

ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಎಚ್ಚರ ಬೇಡುವ ಕೆಲಸ. ಎಂಜಿನ್ ಯಾವಾಗಲೂ ಬಂಡಿಯ ಕೆಳಮಗ್ಗುಲಲ್ಲೇ ಇರುತ್ತದೆ. ಹತ್ತುವಾಗ ಹಿಂದಿನಿಂದ ನೂಕುತ್ತದೆ, ಇಳಿಯುವಾಗ ಎದೆ ಕೊಟ್ಟು ತಡೆಯುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಪ್ರಪಾತಕ್ಕೆ ಓಡಬಾರದೆಂಬುದೇ ಇದರ ಉದ್ದೇಶ. ಇಳಿಯುವಾಗ ಸಿಲಿಂಡರ್‌ಗಳಿಗೆ ಉಗಿಯ ಬದಲು ಗಾಳಿ ಎಳೆದುಕೊಂಡು, ಪಿಸ್ಟನ್‌ಗಳಿಂದ ಅದನ್ನು ಒತ್ತಿಸಿ ವೇಗ ತಡೆಯುತ್ತಾರೆ. ಒತ್ತಿದ ಗಾಳಿ ವಿಪರೀತ ಕಾಯುವುದರಿಂದ ತಣಿಸಲು ಜೊತೆಗೆ ನೀರು ಬಿಡುತ್ತಾರೆ. ಇದಲ್ಲದೆ ಕೈಬ್ರೇಕ್, ವ್ಯಾಕ್ಯೂಮ್ ಬ್ರೇಕ್, ಹಲ್ಲುಚಕ್ರವನ್ನೇ ಬಿಗಿಹಿಡಿಯುವ ಬ್ರೇಕ್ ಬೇರೆ. ಎಂಜಿನ್ ಹಿಂದಿರುವಾಗ ಡ್ರೈವರ್‌ಗೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಡಬ್ಬಿಯ ತುದಿಯ ಕಟ್ಟೆಯಲ್ಲೂ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಮುಂಚೂಣಿಯವನು ತೋರಿದ ಹಸಿರು ಇಲ್ಲವೇ ಕೆಂಪು ಬಾವುಟವನ್ನು ಹಿಂದಿನವರು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಈ ರೈಲಿನ ಸುರಕ್ಷತೆ ನಿಂತಿರುವುದು ಯಂತ್ರದಷ್ಟೇ ಈ ಕೆಲಸಗಾರರ ಕಣ್ಣಿನ ಮೇಲೆ. ಪ್ರವಾಸಿಗಳ ಫೋಟೋಗಳಲ್ಲಿ ಅವರು ಕಾಣುತ್ತಾರೆ, ಬರಹಗಳಲ್ಲಿ ಅಪರೂಪ.

ಹಲ್ಲಿನ ಹಳಿಯ ಮೇಲೆ ಗರಿಷ್ಠ ವೇಗ ಗಂಟೆಗೆ 13 ಕಿ.ಮೀ. ಏರಿನುದ್ದಕ್ಕೂ ಎಂಜಿನ್‌ಗೆ ಮತ್ತೆ ಮತ್ತೆ ನೀರು ಬೇಕು. ಹಿಲ್‌ಗ್ರೋವ್, ರನ್ನಿಮೀಡ್‌ನಂಥ ಕಾಡಿನ ನಡುವಿನ ನಿಲ್ದಾಣಗಳು ಉಳಿದಿರುವುದೇ ಈ ದಾಹದಿಂದ. ಹಿಂಗಾರಿನಲ್ಲಿ ಮಣ್ಣು, ಬಂಡೆ ಕುಸಿದು ಹಳಿ ಮುಚ್ಚಿಹೋಗುವುದು, ದಿನಗಟ್ಟಲೆ ರೈಲು ನಿಲ್ಲುವುದು ಇಲ್ಲಿಯ ಹಳೆಯ ಸಂಕಟ.

ದೇಶದ ಬಹುತೇಕ ಕಡೆ ಡೀಸೆಲ್ ಬಂದು ಉಗಿ ಎಂಜಿನ್‌ಗಳು ಗುಜರಿ ಸೇರಿದವು. ಇಲ್ಲಿಯೂ ಕೂನೂರಿನಿಂದ ಊಟಿಯವರೆಗೆ ಡೀಸೆಲ್ ಹಿಡಿತ ಸಾಧಿಸಿತು. ವೆಲ್ಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್ ಹಾದುಹೋಗುವ ಆ ದಾರಿಯಲ್ಲಿ ಏರು ಸೌಮ್ಯ, ಹಲ್ಲುಪಟ್ಟಿ ಬೇಕಿಲ್ಲ. ಕೆಳಗಿನ ಏರಿನಲ್ಲಿ ಮಾತ್ರ ವಿಂಟರ್‌ಥೂರ್ ಎಂಜಿನ್‌ಗಳೇ ದುಡಿದವು. ಹಳತರ ಮೇಲಿನ ಮೋಹಕ್ಕಿಂತ ಬೇರೆ ಗತಿಯಿಲ್ಲದ್ದೇ ಅದಕ್ಕೆ ಮುಖ್ಯ ಕಾರಣ. 2005ರಲ್ಲಿ ಈ ರೈಲುದಾರಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಆ ಎಂಜಿನ್‌ಗಳ ಪೈಕಿ ಕೆಲವಕ್ಕೆ ಎಂಬತ್ತು ದಾಟಿತ್ತು.

ಅಷ್ಟು ಹೊತ್ತಿಗೆ ಬಾಯ್ಲರ್‌ಗಳು ಸೋತಿದ್ದವು. ಒತ್ತಡ ಸಾಲದೆ ಬಂಡಿ ಏರಿನ ನಡುವೆ ನಿಲ್ಲುವುದು ಹೆಚ್ಚಾಯಿತು. ಒಣ ಕಾಡಿಗೆ ಕಿಡಿಯ ಭಯವೂ ಇತ್ತು. ಕೆಲವು ಎಂಜಿನ್‌ಗಳನ್ನು ಎಣ್ಣೆ ಉರಿಸುವಂತೆ ಮಾರ್ಪಡಿಸಿದರು. 2011ರಿಂದ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರ ಹಳೆಯ ವಿನ್ಯಾಸವನ್ನೇ ಆಧರಿಸಿ ಎಣ್ಣೆಯಿಂದ ನಡೆಯುವ ಹೊಸ ಎಕ್ಸ್ ಎಂಜಿನ್‌ಗಳನ್ನು ಕಟ್ಟಿತು. ಮುಂದೆ ಕಲ್ಲಿದ್ದಲಿನಿಂದ ನಡೆಯುವುದನ್ನೂ ತಯಾರಿಸಿತು. ಇಪ್ಪತ್ತೊಂದನೆಯ ಶತಮಾನದಲ್ಲೂ ಭಾರತೀಯ ರೈಲ್ವೆ ನಿತ್ಯದ ಓಡಾಟಕ್ಕೆಂದು ಉಗಿ ಎಂಜಿನ್ ಹೊಸದಾಗಿ ಕಟ್ಟುವಂತೆ ಮಾಡಿತು ಈ ದಾರಿಯ ಅಗತ್ಯ. ಮೆಟ್ಟುಪಾಳಯಂನಿಂದ ಬೆಳಗ್ಗೆ ಹೊರಡುವ ಗಾಡಿಯನ್ನು ಕೂನೂರಿನವರೆಗೆ ಅವು ನೂಕುತ್ತವೆ. ಅಲ್ಲಿ ಎಂಜಿನ್ ಬದಲಾಗಿ, ಉಳಿದ ದಾರಿಯನ್ನು ಡೀಸೆಲ್ ಮುಗಿಸುತ್ತದೆ.