ಮೂವರು ಕಲಿತ ರೊಟ್ಟಿ

"ದೊಡ್ಡಮ್ಮಾ, ಕೃಷ್ಣದೇವರಾಯ ಮೆಣಸಿನಕಾಯಿ ಬಜ್ಜಿ ತಿಂತಿದ್ನೇನು?"

ತಂಗಿಯ ಮಗ ಹೀಗೆ ಕೇಳಿದಾಗ ನಾನು ಬಾಣಲೆಯ ಮುಂದೆ ನಿಂತಿದ್ದೆ. 2020ರ ಏಪ್ರಿಲ್ ತಿಂಗಳು. ಹೊಸಪೇಟೆಯ ಬೀದಿಗಳು ಬಿಕೋ ಎನ್ನುತ್ತಿದ್ದವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಬಂಡಿಗಳು ನಿಂತು ಹೋಗಿದ್ದವು. ನನ್ನ ತಂಗಿ ಬಳ್ಳಾರಿಯಲ್ಲಿ ನರ್ಸ್. ಕೊರೋನಾ ವಾರ್ಡಿಗೆ ಹಾಕುತ್ತಾರೆ ಎಂದು ಗೊತ್ತಾದ ಕೂಡಲೇ, ಬಸ್ಸುಗಳು ನಿಲ್ಲುವ ಮೊದಲೇ, ಇಬ್ಬರು ಮಕ್ಕಳನ್ನು ನನ್ನ ಮನೆಗೆ ಬಿಟ್ಟು ಹೋಗಿದ್ದಳು. ಹುಡುಗಿಗೆ ಹನ್ನೆರಡು, ಹುಡುಗನಿಗೆ ಒಂಬತ್ತು. ಅವ್ವನ ಸುದ್ದಿ ಬಂದಾಗಲೆಲ್ಲ ಅವರು ಟಿ.ವಿ.ಯ ಮುಂದೆ ಕಲ್ಲಿನಂತೆ ಕೂರುತ್ತಿದ್ದರು. ಅದನ್ನು ನೋಡಲಾರದೆ ಒಂದು ದಿನ ಟಿ.ವಿ. ಆರಿಸಿ ಅವರನ್ನು ಅಡುಗೆಮನೆಗೆ ಕರೆದಿದ್ದೆ.

ಇಪ್ಪತ್ತೈದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ರಾಯರು ಪಟ್ಟಕ್ಕೆ ಬಂದದ್ದು 1509ರಲ್ಲಿ, ತೀರಿಕೊಂಡದ್ದು 1529ರಲ್ಲಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಅವರ ತಟ್ಟೆಯಲ್ಲಿ ಏನಿತ್ತು? ಉತ್ತರ ಹೊಳೆಯದೆ ಬಜ್ಜಿ ತಿರುವಿ ಹಾಕಿದೆ.

ಅಂದು ರಾತ್ರಿ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸವನ್ನು ಕಪಾಟಿನಿಂದ ತೆಗೆದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದದ್ದೆಲ್ಲ ಅದರಲ್ಲಿ ಇಂಗ್ಲಿಷಿನಲ್ಲಿದೆ. ಮುತ್ತು ರತ್ನಗಳ ಪುಟಗಳನ್ನು ನಾನು ಎಷ್ಟೋ ಸಲ ಓದಿದ್ದೆ. ದಿನಸಿಯ ಪುಟವನ್ನು ಮಾತ್ರ ಹಾರಿಸಿದ್ದೆ. ಜಗತ್ತಿನಲ್ಲೇ ಇಷ್ಟು ಸಮೃದ್ಧವಾಗಿ ದವಸಧಾನ್ಯ ಸಿಗುವ ಪಟ್ಟಣ ಬೇರೊಂದಿಲ್ಲ ಎನ್ನುತ್ತಾನೆ ಆತ. ಅಕ್ಕಿ, ಗೋಧಿ, ಜೋಳ, ಒಂದಷ್ಟು ಬಾರ್ಲಿ, ಹೆಸರು, ಹುರುಳಿ, ಬೇಳೆಕಾಳು. ಎಲ್ಲವೂ ಬಲು ಅಗ್ಗ. ಗೋಧಿ ಮಾತ್ರ ಕಡಿಮೆ, ಯಾಕೆಂದರೆ ಮುಸಲ್ಮಾನರ ಹೊರತು ಅದನ್ನು ತಿನ್ನುವವರಿಲ್ಲ ಎಂದೂ ಹೇಳುತ್ತಾನೆ. ಅನುವಾದದಲ್ಲಿ 'ಇಂಡಿಯನ್ ಕಾರ್ನ್' ಎಂದಿರುವುದು ಮೆಕ್ಕೆಜೋಳವಲ್ಲ, ನಮ್ಮ ಜೋಳ. ಮೆಕ್ಕೆಜೋಳ ಅಮೆರಿಕದ ಬೆಳೆ.

ಮೆಣಸಿನಕಾಯಿಯೂ ಅಮೆರಿಕದ್ದೇ. 1492ರಲ್ಲಿ ಕೊಲಂಬಸ್ ಆ ದಡ ಮುಟ್ಟಿದ ಮೇಲೆ ಅದು ಹಡಗು ಹತ್ತಿತು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅವರ ವ್ಯಾಪಾರದ ದಾರಿ ಹಿಡಿದು ಅದು ಈ ಕಡೆ ಬಂತು. ಅದಕ್ಕೆ ಮೊದಲು ನಮ್ಮ ನಾಲಗೆಗೆ ಖಾರವೆಂದರೆ ಕರಿಮೆಣಸು. ಹೊಸ ಕಾಯಿಯ ಖಾರ ಕಂಡ ನಮ್ಮ ಜನ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟು ಮೆಣಸಿನಕಾಯಿ ಎಂದರು. ಬಂದ ನೆಂಟ ಮನೆಯವರ ಹೆಸರನ್ನೇ ಹೊತ್ತುಕೊಂಡು ಕೊನೆಗೆ ಯಜಮಾನನಾದ ಹಾಗೆ!

ಮರುದಿನ ನಮಗೆ ಒಂದು ಆಟ ಸಿಕ್ಕಿತು. ನನ್ನ ಹಳೆಯ ಸ್ಲೇಟಿನ ಮೇಲೆ ನಮ್ಮ ಮನೆಯ ಊಟದ ಪದಾರ್ಥಗಳನ್ನೆಲ್ಲ ಬರೆದು, ರಾಯರ ಕಾಲಕ್ಕೆ ಬೇರೂರದೆ ಇದ್ದವನ್ನು ಹೊಡೆದು ಹಾಕುವುದು. ಟೊಮೆಟೊ ಹೋಯಿತು. ಆಲೂಗಡ್ಡೆ ಹೋಯಿತು. ಶೇಂಗಾ ಹೋದಾಗ ಹುಡುಗ ಅಳುಮುಖ ಮಾಡಿದ. "ಶೇಂಗಾ ಚಟ್ನಿ ನಮ್ದಲ್ಲೇನು?" ಕೊನೆಗೆ ಅನ್ನ, ಜೋಳ, ಹೆಸರು, ಹುರುಳಿ, ಬದನೆಕಾಯಿ, ಹುಣಸೆ, ನಿಂಬೆ, ಬಾಳೆ, ಬೆಲ್ಲ, ತುಪ್ಪ, ಮಜ್ಜಿಗೆ ಉಳಿದವು. ಹುಡುಗಿ ಗಟ್ಟಿಗಿತ್ತಿ. "ಇವಾದ್ರೂ ಇಲ್ಲೇ ಹುಟ್ಟಿದವಾ?" ಎಂದಳು. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು, ಹುಣಸೆಯ ಮೂಲವೂ ಅಲ್ಲಿಯೇ ಎಂದು ನಾನು ಹೇಳಬೇಕಾಯಿತು. "ಹಂಗಾದ್ರೆ ಯಾವುದನ್ನೂ ಹೊಡೆಯೋದು ಬೇಡ" ಎಂದು ಅವಳೇ ಸ್ಲೇಟು ಒರೆಸಿದಳು.

"ರಾಯರ ಕಾಲದ ಊಟ ಮಾಡೋಣ, ಜೋಳದ ರೊಟ್ಟಿ ಬಡಿ ದೊಡ್ಡಮ್ಮಾ" ಎಂದ ಹುಡುಗ. ನನಗೆ ನಾಚಿಕೆಯಾಯಿತು. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ.

ನಮ್ಮ ತಂದೆಯ ತಾಯಿ ಸಂಡೂರಿನ ಕಡೆಯವರು. ಸಂಡೂರು 1949ರವರೆಗೆ ಘೋರ್ಪಡೆಯವರ ಪುಟ್ಟ ಸಂಸ್ಥಾನ. ಅಜ್ಜಿಯ ಊರಿನಲ್ಲಿ ಮಳೆ ನಂಬಿದ ಹೊಲಗಳೇ ಹೆಚ್ಚು. ಅಲ್ಲಿ ಎರಡು ಹೊತ್ತೂ ರೊಟ್ಟಿ, ಅನ್ನ ಹಬ್ಬಕ್ಕೆ ಮಾತ್ರ. ನಮ್ಮವ್ವ ಕಂಪ್ಲಿಯವಳು. ಅಲ್ಲಿ ವಿಜಯನಗರದ ಕಾಲದಿಂದ ಹರಿಯುವ ಕಾಲುವೆಯಿದೆ, ಗದ್ದೆಯಿದೆ, ಬಾಳೆತೋಟವಿದೆ. ಅನ್ನ ಉಂಡು ಬೆಳೆದ ಸೊಸೆ ಅತ್ತೆಯ ಕೈಕೆಳಗೆ ರೊಟ್ಟಿ ಕಲಿತಳು. ಹರಿದ ರೊಟ್ಟಿಗಳನ್ನು ತಾನೇ ತಿನ್ನುತ್ತಿದ್ದಳಂತೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಸುತ್ತಲಿನ ಎಷ್ಟೋ ಊರುಗಳಲ್ಲಿ ಭತ್ತದ ಗದ್ದೆಗಳು ಎದ್ದು ಅನ್ನ ದಿನದ ಊಟವಾಯಿತು. ಆದರೂ ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಆ ಸದ್ದಿಗೆ ನಾನು ಓಡಿ ಬಂದರೆ ಅವ್ವ ಓಡಿಸುತ್ತಿದ್ದಳು. "ಹೋಗು, ಓದ್ಕೋ ಹೋಗು. ಒಲಿ ಮುಂದ ಕುಂತ್ರೆ ಒಲಿ ಮುಂದೇ ಉಳೀತಿ." ನಾನು ಓದಿದೆ. ಬಿ.ಎ. ಆಯಿತು, ಬಿ.ಎಡ್. ಆಯಿತು, ನೌಕರಿ ಬಂತು. ತಂಗಿ ಮಾತ್ರ ಪುಸ್ತಕ ಮಡಿಲಲ್ಲಿಟ್ಟುಕೊಂಡೇ ಅವ್ವನ ಪಕ್ಕದಲ್ಲಿ ಕೂತಳು. ಓದನ್ನೂ ಕಲಿತಳು, ರೊಟ್ಟಿಯನ್ನೂ ಕಲಿತಳು. ಅವ್ವ ತೀರಿಹೋದ ಮೇಲೆ ನಾನು ರೊಟ್ಟಿಯನ್ನು ಡಜನ್ ಲೆಕ್ಕದಲ್ಲಿ ಕೊಂಡು ತರುತ್ತಿದ್ದೆ. ಈಗ ರೊಟ್ಟಿ ತರುವಾಕೆಯೂ ಬರುವಂತಿರಲಿಲ್ಲ.

ಹೀಗಾಗಿ ಬಳ್ಳಾರಿಯಿಂದ ಫೋನಿನಲ್ಲಿ ಪಾಠ ಶುರುವಾಯಿತು. ಡ್ಯೂಟಿ ಮುಗಿಸಿ ಬಂದ ತಂಗಿಯ ಮುಖದ ಮೇಲೆ ಮಾಸ್ಕಿನ ಗೆರೆಗಳು ಹಾಗೇ ಇರುತ್ತಿದ್ದವು. "ಅಕ್ಕಾ, ಎಸರು ಕುದೀಲಿ. ಕುದಿಯೋ ನೀರಿಲ್ಲದಿದ್ರೆ ಹಿಟ್ಟು ಕೂಡೋದಿಲ್ಲ." ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಿಟ್ಟನ್ನು ಅಂಟಾಗಿಸುತ್ತದೆ, ನಾದುವ ಅಂಗೈ ಅದನ್ನು ಹದಕ್ಕೆ ತರುತ್ತದೆ. ಅಂಚು ಬಿರಿದರೆ ನಾದಿದ್ದು ಸಾಲದು ಎಂದರ್ಥ. ಹಿಟ್ಟು ಉದುರಿಸಿ, ರೊಟ್ಟಿಯನ್ನು ತಿರುಗಿಸುತ್ತ ಬಡಿಯಬೇಕು. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಮೊದಲ ದಿನ ಮೂವರದೂ ಹರಿದವು. ನನ್ನದು ಸಂಡೂರಿನ ಗುಡ್ಡದಂತಿದೆ ಎಂದು ಮಕ್ಕಳು ನಕ್ಕರು. ಬಹಳ ದಿನಗಳ ಮೇಲೆ ಕೇಳಿದ ನಗು ಅದು. ಎಲ್ಲರಿಗಿಂತ ಮೊದಲು ಕೈ ಕೂಡಿದ್ದು ಹುಡುಗನಿಗೆ.

ಉಣ್ಣುವಾಗ ಹುಡುಗಿ ಕೇಳಿದಳು: "ನಿಮ್ಮ ಸಾಲಿ ಹುಡುಗ್ರು ಈಗ ಎಲ್ಲಿ ಉಣ್ತಾರೆ?" ನಾನು ಸುಮ್ಮನಾದೆ. 2002ರ ಜೂನ್‌ನಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಅದಕ್ಕೆ ಮೊದಲು ಮಧ್ಯಾಹ್ನದ ಗಂಟೆಗೆ ಹೋದ ಎಷ್ಟೋ ಮಕ್ಕಳು ತಿರುಗಿ ಬರುತ್ತಿರಲಿಲ್ಲ. ಈಗ ಆ ಒಲೆ ತಣ್ಣಗಿತ್ತು. ಅವಳ ಪ್ರಶ್ನೆಗೆ ಸೀವೆಲ್ಲರ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮರುದಿನ ಹತ್ತಿರದ ಎರಡು ಮನೆಗಳಿಗೆ ಹಿಟ್ಟು, ಬೇಳೆ ಕೊಟ್ಟು ಬಂದೆ. ಅದರಿಂದ ಮನಸ್ಸು ಹಗುರವಾಯಿತು ಎಂದು ಹೇಳಲಾರೆ.

ಮೇ ತಿಂಗಳಲ್ಲಿ ತಂಗಿಯ ಹುಟ್ಟಿದ ದಿನ. ಮಕ್ಕಳಿಗೆ ಕೇಕು ಆಗಬೇಕು. ಬೇಕರಿ ಇಲ್ಲ, ಮನೆಯಲ್ಲಿ ಓವನ್ ಇಲ್ಲ. ಹಿತ್ತಲಿನಾಚೆಯ ಮನೆಯ ಆಪಾ ರಂಜಾನಿನ ಉಪವಾಸದಲ್ಲೇ ಗೋಡೆಯ ಮೇಲಿಂದ ಉಪಾಯ ಹೇಳಿದರು: ಹಳೇ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಒಳಗೆ ಡಬ್ಬಿಯಿಟ್ಟು ಮುಚ್ಚಿಬಿಡಿ. ಗೋಧಿಹಿಟ್ಟನ್ನೂ ಅವರೇ ಕೊಟ್ಟರು. ಐನೂರು ವರ್ಷದ ಮೇಲೂ ಪಾಯೆಸ್ ಹೇಳಿದ್ದು ನಮ್ಮ ಬೀದಿಯಲ್ಲಿ ಅರ್ಧ ನಿಜವಾಗಿತ್ತು! ಬೆಲ್ಲ, ಬಾಳೆಹಣ್ಣು ಕಿವುಚಿ ಹಾಕಿದೆವು. ಮುಕ್ಕಾಲು ಗಂಟೆಗೆ ಮನೆಯೆಲ್ಲ ಘಮ್ಮೆಂದಿತು, ತಳ ಮಾತ್ರ ಸೀದಿತ್ತು. ಫೋನಿನಲ್ಲಿ ತೋರಿಸಬೇಕೆಂದರೆ ತಂಗಿ ಫೋನೇ ಎತ್ತಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ.

ಆ ಎರಡು ದಿನ ಮಕ್ಕಳು ಏನನ್ನೂ ಕೇಳಲಿಲ್ಲ. ಹುಡುಗ ತಾನಾಗಿಯೇ ಎಸರಿಟ್ಟು ರೊಟ್ಟಿ ಬಡಿದ. ಆ ಸದ್ದನ್ನು ಕೇಳುತ್ತ ನಾನು ನಡುಮನೆಯಲ್ಲಿ ಕೂತಿದ್ದೆ. ಅವ್ವನ ಕೈಯ ಗುರುತು ಉಳಿದದ್ದು ತಂಗಿಯಲ್ಲಿ. ಅವಳಿಗೇನಾದರೂ ಆದರೆ ಎಂಬ ಯೋಚನೆಯನ್ನು ಮುಂದುವರಿಸಲು ಧೈರ್ಯವಾಗಲಿಲ್ಲ. ಮೂರನೇ ದಿನ ಫೋನು ಬಂತು. ಜ್ವರ ಬಂದು ಬೇರೆ ಇರಿಸಿದ್ದರಂತೆ, ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು. "ಕೇಕು ಉಳಿದೈತೇನು?" ಎಂದಳು.

ಜುಲೈ 6ರಂದು ಸ್ಮಾರಕಗಳು ಮತ್ತೆ ತೆರೆದವು. ತಂಗಿಗೆ ರಜೆ ಸಿಕ್ಕಾಗ ನಾಲ್ವರೂ ಹಂಪಿಗೆ ಹೋದೆವು. ಅರಮನೆಯ ಪ್ರದೇಶದ ಹತ್ತಿರ, ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲಿದೆ. ಜನ ಅದನ್ನು ಭೋಜನಶಾಲೆ ಎನ್ನುತ್ತಾರೆ. ಒಂದೊಂದು ತಟ್ಟೆಯಲ್ಲೂ ಪಲ್ಯ, ಸಾರುಗಳಿಗೆ ಕೊರೆದ ಗುಂಡಿಗಳು. ಪ್ರವಾಸಕ್ಕೆ ಬಂದ ನೂರಾರು ವಿದ್ಯಾರ್ಥಿಗಳನ್ನು ನಾನು ಅದರ ಮುಂದಿನಿಂದ ಬೇಗ ಬೇಗ ದಾಟಿಸಿದ್ದೇನೆ. ಹುಡುಗ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಗುಂಡಿಗಳನ್ನು ಎಣಿಸಿದ. ಇದು ಬದನೆಕಾಯಿಗೆ, ಇದು ಹೆಸರಿಗೆ, ಇದು ಮಜ್ಜಿಗೆಗೆ. ಒಂದು ಗುಂಡಿ ಉಳಿಯಿತು. "ಇದು ಶೇಂಗಾ ಚಟ್ನಿಗೆ," ಎಂದ, "ಆಮೇಲೆ ಬರ್ತದಲ್ಲ, ಅದಕ್ಕೆ."

ಹುಡುಗ ಈಗ ಹೈಸ್ಕೂಲು ಮೆಟ್ಟಿಲು ಹತ್ತಿದ್ದಾನೆ. ರಜೆಗೆ ಬಂದರೆ ರೊಟ್ಟಿ ಅವನದೇ. ನನ್ನವು ಇಂದಿಗೂ ಅಂಚಿನಲ್ಲಿ ಬಿರಿಯುತ್ತವೆ. ಬಿರಿದದ್ದನ್ನು ನಾನೇ ತಿನ್ನುತ್ತೇನೆ.