ಪಾದ್ರಿ ಬಾರದ ಊರಿನ ಉಪದೇಶಿ

ಪುಣೆಗೆ ಕೆಲಸಕ್ಕೋ ಓದಿಗೋ ಬಂದ ಕನ್ನಡಿಗರಲ್ಲಿ ನಗರ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದವರು ಕಡಿಮೆ. ವಿಮಾನ್ ನಗರ, ಖರಾಡಿಯ ಕಡೆ ಹೋಗುವ ಆ ದಾರಿಯಲ್ಲಿ, ರಾಮವಾಡಿಯ ಬಳಿ, ಮರಗಳ ನಡುವೆ ಒಂದು ವಿಶಾಲವಾದ ಆವರಣವಿದೆ. ಅದು ಪೇಪಲ್ ಸೆಮಿನರಿ. ಕನ್ನಡ ಕಥೋಲಿಕರ ಮಾತಿನಲ್ಲಿ ಹೇಳುವುದಾದರೆ ಗುರುಮಠ. ಪೋಪ್ ಹದಿಮೂರನೇ ಲಿಯೋ 1893ರಲ್ಲಿ ಸಿಲೋನಿನ ಕ್ಯಾಂಡಿಯಲ್ಲಿ ಸ್ಥಾಪಿಸಿದ ಈ ಸಂಸ್ಥೆ 1955ರಲ್ಲಿ ಪುಣೆಗೆ ಬಂತು. ಪಕ್ಕದಲ್ಲೇ ಜ್ಞಾನದೀಪ ವಿದ್ಯಾಪೀಠವಿದೆ. ಭಾರತದ ಎಲ್ಲ ಮೂಲೆಗಳಿಂದ ಬಂದ ತರುಣರು ಇಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿ ಪಾದ್ರಿಗಳಾಗುತ್ತಾರೆ.

ಆದರೆ ಒಂದು ಕಥೋಲಿಕ ಮಗುವಿಗೆ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು, ಮೊದಲ ಜಪವನ್ನು, ಮೊದಲ ಬೈಬಲ್ ಕಥೆಯನ್ನು ಕಲಿಸುವವರು ಸಾಮಾನ್ಯವಾಗಿ ಇಲ್ಲಿ ಓದಿದವರಲ್ಲ. ಅವರು ಊರಿನ ಚರ್ಚಿನಲ್ಲಿ ಭಾನುವಾರದ ತರಗತಿ ನಡೆಸುವ ಯಾರೋ ಒಬ್ಬ ಅಕ್ಕ, ಒಬ್ಬ ಮೇಷ್ಟ್ರು, ಒಬ್ಬ ಕಾಲೇಜು ಹುಡುಗ. ಹಳೆಯ ಕನ್ನಡ ಕ್ರೈಸ್ತರು ಇಂಥವರನ್ನು ಉಪದೇಶಿ ಎಂದು ಕರೆದರು, ಅವರು ಕಲಿಸುವುದನ್ನು ಜ್ಞಾನೋಪದೇಶ ಎಂದರು. ಪಾದ್ರಿಯ ಶಿಕ್ಷಣದ ಇತಿಹಾಸಕ್ಕೆ ಕಟ್ಟಡಗಳಿವೆ, ಶಾಸನಗಳಿವೆ. ಉಪದೇಶಿಯನ್ನು ಯಾರು ತಯಾರು ಮಾಡಿದರು, ಯಾವ ನುಡಿಯಲ್ಲಿ, ಎಷ್ಟು ಸಂಬಳ ಕೊಟ್ಟು ಎಂಬ ಕಥೆಯನ್ನು ಮಾತ್ರ ಹುಡುಕಿ ಹೆಕ್ಕಬೇಕು.

ಈ ಕಥೆ ಗಂಟೆಯ ಸದ್ದಿನಿಂದ ಶುರುವಾಗುತ್ತದೆ. 1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಕೈಗಂಟೆ ಬಾರಿಸುತ್ತ ಬೀದಿ ಬೀದಿ ತಿರುಗಿ ಮಕ್ಕಳನ್ನೂ ಮನೆಯಾಳುಗಳನ್ನೂ ಪಾಠಕ್ಕೆ ಕರೆಯುತ್ತಿದ್ದ. ಅಲ್ಲಿಂದ ತಮಿಳುನಾಡಿನ ಕರಾವಳಿಗೆ ಹೋದಾಗ ಅವನಿಗೆ ನಿಜವಾದ ತೊಂದರೆ ಅರಿವಾಯಿತು. ಹಳ್ಳಿಗಳು ಹಲವು, ಪಾದ್ರಿ ಒಬ್ಬ, ಭಾಷೆ ಬಾರದು. ಅವನು ಮೊದಲು ಜಪಗಳನ್ನು ಸ್ಥಳೀಯರ ನೆರವಿನಿಂದ ತಮಿಳಿಗೆ ತಂದ. ಆಮೇಲೆ ಹಳ್ಳಿಗೊಬ್ಬ ಸ್ಥಳೀಯ ಉಪದೇಶಿಯನ್ನು ನೇಮಿಸಿದ. ಸಂಬಳಕ್ಕೆ ಹಣ? ಪೋರ್ಚುಗಲ್ಲಿನ ರಾಣಿಯ ಪಾದರಕ್ಷೆಯ ಖರ್ಚಿಗೆಂದು ಮೀಸಲಾಗಿದ್ದ 4000 ಫಣಂ ಆದಾಯವನ್ನು ಉಪದೇಶಿಗಳ ಸಂಬಳಕ್ಕೆ ಕೇಳಿ ಪಡೆದ. ಈ ಮಕ್ಕಳೇ ಸ್ವರ್ಗಕ್ಕೆ ಏರಲು ನಿಮಗೆ ಒಳ್ಳೆಯ ಪಾದುಕೆ ಎಂಬ ಅರ್ಥದಲ್ಲಿ ರಾಣಿಗೆ ಬರೆದನಂತೆ. ಮಾತು ಚೆನ್ನಾಗಿದೆ. ಅದರ ಹಿಂದಿನ ಲೆಕ್ಕಾಚಾರ ಇನ್ನೂ ಚೆನ್ನಾಗಿದೆ: ಕಲಿಸುವವನು ಊರಿನವನಾಗಿರಬೇಕು, ಊರ ನುಡಿಯವನಾಗಿರಬೇಕು, ಅವನ ಹೊಟ್ಟೆಗೆ ವ್ಯವಸ್ಥೆ ಇರಬೇಕು. ಮುಂದಿನ ಐದು ಶತಮಾನ ಧರ್ಮಸಭೆ ಈ ಮೂರರಲ್ಲಿ ಒಂದಲ್ಲ ಒಂದನ್ನು ಮರೆಯುತ್ತಲೂ ಮತ್ತೆ ನೆನಪಿಸಿಕೊಳ್ಳುತ್ತಲೂ ಬಂದಿದೆ.

ಮರಾಠಿ ಬಲ್ಲ ಓದುಗರಿಗೆ ಥಾಮಸ್ ಸ್ಟೀಫನ್ಸ್ ಹೆಸರು ಗೊತ್ತಿರುತ್ತದೆ. ಇಂಗ್ಲೆಂಡಿನಿಂದ ಗೋವೆಗೆ ಬಂದ ಈ ಜೆಸ್ವಿತ್ ಪಾದ್ರಿ ಓವಿ ಛಂದಸ್ಸಿನಲ್ಲಿ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಮರಾಠಿ ಸಾಹಿತ್ಯದ ದೊಡ್ಡ ಕಾವ್ಯಗಳಲ್ಲಿ ಅದೂ ಒಂದು. ಆ ಕಾವ್ಯದ ಆರಂಭದಲ್ಲಿ ಅದರ ಹುಟ್ಟಿನ ಪ್ರಸಂಗವೇ ಬರುತ್ತದೆ. ಸಾಷ್ಟಿಯಲ್ಲಿ ಒಂದು ಭಾನುವಾರ ಜ್ಞಾನೋಪದೇಶದ ತರಗತಿ ಮುಗಿದಾಗ ಬ್ರಾಹ್ಮಣನೊಬ್ಬ ಪಾದ್ರಿಯನ್ನು ಕೇಳುತ್ತಾನೆ: ನಮ್ಮ ಹಳೆಯ ಪುರಾಣಗಳನ್ನು ಬೇಡವೆಂದಿರಿ, ಹಾಗಾದರೆ ಅವುಗಳ ಬದಲಿಗೆ ಬೇರೊಂದು ಪುರಾಣ ಯಾಕೆ ಕೊಡಬಾರದು? ಈ ಪ್ರಶ್ನೆಯ ಹಿಂದೆ ನೋವೂ ಇದೆ. ದೇಗುಲಗಳು ಬಿದ್ದು, ಪುರಾಣಗಳು ನಿಷಿದ್ಧವಾಗಿದ್ದ ಕಾಲ ಅದು. ತರಗತಿಯಲ್ಲಿ ಕೂತವರೆಲ್ಲ ಇಷ್ಟಪಟ್ಟೇ ಕೂತವರಲ್ಲ. ಆದರೂ ಪಾಠ ಹೇಳುವವನು ವಿದ್ಯಾರ್ಥಿಯ ಪ್ರಶ್ನೆಯನ್ನು ಕೇಳಿಸಿಕೊಂಡ. ಪ್ರಶ್ನೋತ್ತರದ ಪುಸ್ತಕವೊಂದೇ ಸಾಲದು, ಇವರಿಗೆ ಕೂತು ಕೇಳುವ ಕಥೆ ಬೇಕು ಎಂದು ಅರಿತ. 1907ರಲ್ಲಿ ಈ ಕಾವ್ಯವನ್ನು ಮತ್ತೆ ಅಚ್ಚು ಹಾಕಿಸಿದ್ದು ನಮ್ಮ ಮಂಗಳೂರಿನ ಜೆ. ಎಲ್. ಸಲ್ಡಾನಾ ಎಂಬುದೂ ನೆನಪಿಡಬೇಕಾದ ಸಂಗತಿ.

ಕನ್ನಡದಲ್ಲಿ ಈ ಕೆಲಸ ಶುರುವಾದದ್ದು ಹದಿನೇಳನೇ ಶತಮಾನದ ನಡುಭಾಗದಲ್ಲಿ, ಶ್ರೀರಂಗಪಟ್ಟಣದಲ್ಲಿ. ಮೈಸೂರು ಮಿಷನ್ನನ್ನು ಆರಂಭಿಸಿದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಜ್ಞಾನೋಪದೇಶದ ಪುಸ್ತಕ, ಸಂತರ ಚರಿತ್ರೆ, ವ್ಯಾಕರಣಗಳನ್ನು ಬರೆದ. ಕನ್ನಡದಲ್ಲಿ ಅಚ್ಚುಯಂತ್ರವಿನ್ನೂ ಒಂದೂವರೆ ಶತಮಾನಕ್ಕೂ ಹೆಚ್ಚು ದೂರದಲ್ಲಿದ್ದ ಕಾಲ. ಹಾಗಾಗಿ ಪುಸ್ತಕ ಎಂದರೆ ಕೈಬರಹದ ಪ್ರತಿ. ಪ್ರತಿಗಿಂತ ಹೆಚ್ಚಾಗಿ ಉಪದೇಶಿಯ ನೆನಪೇ ಪುಸ್ತಕ.

ಆ ನೆನಪಿನ ಬೆಲೆ ಗೊತ್ತಾಗುವುದು ಪಾದ್ರಿಗಳು ಇಲ್ಲವಾದಾಗ. ರಾಯಚೂರು ದೋಆಬಿನ ಮುದಗಲ್ಲಿನಲ್ಲಿ ಗೋವೆಯ ಕಾಲದಿಂದ ಬಂದ ಪುಟ್ಟ ಕ್ರೈಸ್ತ ಸಮುದಾಯವಿತ್ತು. ಸುರಪುರದ ಇತಿಹಾಸದಿಂದ ನಮಗೆ ಪರಿಚಿತನಾದ ಮೆಡೋಸ್ ಟೇಲರ್ ಹತ್ತೊಂಬತ್ತನೇ ಶತಮಾನದಲ್ಲಿ ಅವರ ಬಗ್ಗೆ ಬರೆದಿದ್ದಾನೆ. ಅವರಲ್ಲಿ ಪ್ರಾರ್ಥನೆಗಳ, ಉಪದೇಶಗಳ ಕನ್ನಡ ಅನುವಾದಗಳಿದ್ದವು. ಪಾದ್ರಿ ಇಲ್ಲದಾಗ ಅವನ್ನು ಜನರಿಗೆ ಓದಿ ಹೇಳುತ್ತಿದ್ದವನು ಊರಿನ ಶಾಲೆಯ ಮೇಷ್ಟ್ರು. ಮೈಸೂರು ಸೀಮೆಯ ಕಥೆಯೂ ಬೇರೆಯಲ್ಲ. 1773ರಲ್ಲಿ ಜೆಸ್ವಿತ್ ಸಂಘವನ್ನೇ ರೋಮ್ ವಿಸರ್ಜಿಸಿತು. ನಂತರ ಯುದ್ಧಗಳು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದವರನ್ನು ಒಟ್ಟುಮಾಡಬೇಕಾಯಿತು. ಹತ್ತೊಂಬತ್ತನೇ ಶತಮಾನದ ನಡುವೆ ಬಿಷಪ್ ಶಾರ್ಬೊನೋ ಬೆಂಗಳೂರಿನಲ್ಲಿ ಕನ್ನಡದ ಕೆಲಸಕ್ಕೆ ಮತ್ತೆ ಜೀವ ಕೊಟ್ಟರು. 1861ರಲ್ಲಿ ಅಲ್ಲಿ ಅಚ್ಚಾದ ಲ್ಯಾಟಿನ್–ಕನ್ನಡ ನಿಘಂಟು ಅವರ ಕಾಲದ್ದು. ಪಾದ್ರಿಗೆ ಜನರ ನುಡಿ ಕಲಿಸಲು ನಿಘಂಟು ಬೇಕಾಯಿತು. ಉಪದೇಶಿಗೆ ಅದರ ಅಗತ್ಯವಿರಲಿಲ್ಲ, ಅವನು ಆ ನುಡಿಯಲ್ಲೇ ಹುಟ್ಟಿದವನು.

ಪುಣೆಯ ಕಥೆ ಸೈನ್ಯದಿಂದ ಶುರುವಾಗುತ್ತದೆ. ಪೇಶ್ವೆಯ ಸೇನೆಯಲ್ಲಿದ್ದ ಗೋವೆಯ ಕ್ರೈಸ್ತರಿಗಾಗಿ ಸವಾಯಿ ಮಾಧವರಾವ್ ಕೊಟ್ಟ ಜಾಗದಲ್ಲಿ 1792ರಲ್ಲಿ ಸಿಟಿ ಚರ್ಚ್ ಎದ್ದಿತು. 1850ರಲ್ಲಿ ಐರಿಷ್ ಸೈನಿಕರಿಗಾಗಿ ಸೇಂಟ್ ಪ್ಯಾಟ್ರಿಕ್ಸ್ ಬಂತು. 1886ರಲ್ಲಿ ಪುಣೆ ಧರ್ಮಪ್ರಾಂತವಾಯಿತು. ಅದನ್ನು ನಡೆಸಿದವರು ಜರ್ಮನ್ ಜೆಸ್ವಿತರು. ದಂಡು ಪ್ರದೇಶದಲ್ಲಿ ಇಂಗ್ಲಿಷ್ ಸಾಕಿತ್ತು. ಅಹ್ಮದ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ ಸಾಲಲಿಲ್ಲ. ಅಲ್ಲಿ ಮಹಾರ್ ಕೇರಿಗಳಲ್ಲಿ ಶಾಲೆ ಕಲಿಸುವವನೂ ಜಪ ಕಲಿಸುವವನೂ ಒಬ್ಬನೇ ಆದ, ಜನ ಅವನನ್ನು ಮಾಸ್ತರ್ ಎಂದರು. ಅಕ್ಷರ ಮುಟ್ಟಬಾರದೆಂದಿದ್ದ ಕೇರಿಯಲ್ಲಿ ಅದೇ ಕೇರಿಯವನೊಬ್ಬ ಪುಸ್ತಕ ಹಿಡಿದು ನಿಂತದ್ದು ಧರ್ಮದಷ್ಟೇ ದೊಡ್ಡ ಸಂಗತಿ.

ನಮಗೆ ಸಂಬಂಧಪಟ್ಟ ಇನ್ನೊಂದು ಮಾತು. ಧಾರವಾಡ, ವಿಜಾಪುರದ ಕಡೆಯ ಕಥೋಲಿಕರೂ ಬಹುಕಾಲ ಪುಣೆಯ ಬಿಷಪ್ಪರ ಅಧೀನದಲ್ಲೇ ಇದ್ದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಬೇರೆಯಾಗುವವರೆಗೂ ಪುಣೆಗೆ ಕನ್ನಡದ ಊರುಗಳಿದ್ದವು. ಭಾಷಾವಾರು ರಾಜ್ಯಗಳಾಗುವ ಮೂರು ವರ್ಷ ಮೊದಲೇ ಚರ್ಚಿನ ನಕ್ಷೆಯಲ್ಲಿ ಈ ಗೆರೆ ಬಿದ್ದಿತ್ತು.

ಅಲ್ಲಿಯವರೆಗೆ ಕಲಿಸುವ ರೀತಿ ಹೆಚ್ಚುಕಡಿಮೆ ಒಂದೇ: ಪ್ರಶ್ನೆ, ಉತ್ತರ, ಬಾಯಿಪಾಠ. ಅದನ್ನು ಸುಮ್ಮನೆ ಹಳಿಯುವಂತಿಲ್ಲ. ಪುಸ್ತಕವಿಲ್ಲದ ಊರಿನಲ್ಲಿ ಬಾಯಿಪಾಠವೇ ಗ್ರಂಥಾಲಯ. ಆದರೆ ಉತ್ತರ ಒಪ್ಪಿಸಿದ ಮಗುವಿಗೆ ಅದರ ಅರ್ಥ ತಿಳಿಯಿತೇ ಎಂದು ವಿಚಾರಿಸುವ ಅಭ್ಯಾಸ ಕಡಿಮೆಯಿತ್ತು. 1960ರಲ್ಲಿ ಜರ್ಮನಿಯ ಐಕ್‌ಷ್ಟೆಟ್‌ನಲ್ಲಿ, 1962ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಅಧ್ಯಯನ ಸಭೆಗಳು ಈ ಪ್ರಶ್ನೆಯನ್ನೇ ಎತ್ತಿದವು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಬಲಿಪೂಜೆಯನ್ನು ಲ್ಯಾಟಿನ್ನಿನಿಂದ ಜನರ ನುಡಿಗೆ ತಂದಿತು. ಪುಣೆಯಲ್ಲಿ ಪಾಠ ಹೇಳುತ್ತಿದ್ದ ಆಸ್ಟ್ರಿಯಾದ ಜೆಸ್ವಿತ್ ಜೋಸೆಫ್ ನೊಯ್ನರ್ ಆ ಸಭೆಗೆ ತಜ್ಞರಾಗಿ ಹೋಗಿದ್ದರು. ಅವರು 2009ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಮಹಾಸಭೆಯ 'ಆದ್ ಜೆಂತೆಸ್' ಎಂಬ ದಾಖಲೆ ಉಪದೇಶಿಗಳಿಗೆ ತರಬೇತಿ ಶಾಲೆ ಬೇಕು, ಪೂರ್ಣಾವಧಿ ದುಡಿಯುವವರಿಗೆ ನ್ಯಾಯವಾದ ಸಂಬಳ, ಬದುಕಿನ ಭದ್ರತೆ ಬೇಕು ಎಂದು ಸ್ಪಷ್ಟವಾಗಿ ಹೇಳಿತು. ಕ್ಸೇವಿಯರ್ ರಾಣಿಗೆ ಹೇಳಿದ್ದನ್ನೇ ನಾಲ್ಕು ಶತಮಾನಗಳ ನಂತರ ಮತ್ತೆ ಹೇಳಬೇಕಾಯಿತು.

ಭಾರತದಲ್ಲಿ ಇದನ್ನು ಕೈಗೆತ್ತಿಕೊಂಡದ್ದು ಬೆಂಗಳೂರು. 1967ರಲ್ಲಿ ಅಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಜ್ಞಾನೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಎನ್‌ಬಿಸಿಎಲ್‌ಸಿ ಎಂದು ಕರೆಯುತ್ತಾರೆ. ಅದರ ಮೊದಲ ನಿರ್ದೇಶಕರು ತಮಿಳುನಾಡಿನವರಾದ, ಪ್ಯಾರಿಸ್ಸಿನಲ್ಲಿ ಓದಿದ ಡಿ. ಎಸ್. ಅಮಲೋರ್ಪವದಾಸ್. ಅವರ ಶಿಬಿರಗಳಲ್ಲಿ ಪಾದ್ರಿ, ಕನ್ಯಾಸ್ತ್ರೀ, ಗೃಹಸ್ಥ ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ಕಲಿತರು. ಪಾಠವನ್ನು ಪುಸ್ತಕದ ಪ್ರಶ್ನೆಯಿಂದಲ್ಲ, ಮಗುವಿನ ಬದುಕಿನಿಂದ ಆರಂಭಿಸಬೇಕೆಂಬುದು ಅವರ ನಿಲುವು. ದೀಪ, ಆರತಿ, ಕೈಮುಗಿಯುವುದು ಪೂಜೆಯೊಳಗೆ ಬಂದವು. ಇದು ಹಿಂದೂಕರಣ ಎಂದು ಸಿಟ್ಟಾದವರಿದ್ದರು, ಮೇಲ್ಜಾತಿಯ ಸಂಸ್ಕೃತಿಯನ್ನೇ ಭಾರತವೆಂದು ತಿಳಿದಿರಲ್ಲ ಎಂದ ದಲಿತ ಕ್ರೈಸ್ತರೂ ಇದ್ದರು. ಎರಡನೆಯ ಟೀಕೆಗೆ ತೂಕವಿತ್ತು. ಅವರು ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇಷ್ಟೆಲ್ಲ ಆಗುವ ಹೊತ್ತಿಗೆ ನಗರಗಳಲ್ಲಿ ಸಂಬಳದ ಉಪದೇಶಿ ಮರೆಯಾಗುತ್ತಿದ್ದ. ಅವನ ಜಾಗಕ್ಕೆ ಭಾನುವಾರದ ಸ್ವಯಂಸೇವಕರು ಬಂದರು. ಪೋಪ್ ಫ್ರಾನ್ಸಿಸ್ 2021ರ ಮೇ 10ರಂದು ಉಪದೇಶಿಯ ಸೇವೆಗೆ ಧರ್ಮಸಭೆಯಲ್ಲಿ ಅಧಿಕೃತ ಸ್ಥಾನ ಕೊಟ್ಟರು. ಗೌರವ ಸಿಕ್ಕಿತು, ಒಳ್ಳೆಯದೇ. ತರಬೇತಿ ಮಾತ್ರ ಇಂದಿಗೂ ಬಹಳ ಕಡೆ ಕೆಲವು ವಾರಾಂತ್ಯಗಳ ಮಾತು. ವಾರವಿಡೀ ಕೆಲಸ ಮಾಡಿ, ಭಾನುವಾರ ಬೆಳಿಗ್ಗೆ ಮೂವತ್ತು ಮಕ್ಕಳೆದುರು ನಿಲ್ಲುವವರಿಗೆ ಒಂದು ಪಠ್ಯಪುಸ್ತಕ ಕೊಟ್ಟು ಸ್ಫೂರ್ತಿಯ ಭಾಷಣ ಮಾಡಿದರೆ ಸಾಲುವುದಿಲ್ಲ. ಅವರು ತಡವರಿಸಿದಾಗ ಕೇಳಲು ಒಬ್ಬ ಹಿರಿಯರು ಬೇಕು, ಕಳೆದ ವಾರದ ಪಾಠ ಹೇಗಾಯಿತೆಂದು ಕೂತು ಮಾತಾಡಲು ಗೆಳೆಯರ ಗುಂಪು ಬೇಕು.

ಇನ್ನು ನುಡಿಯ ಪ್ರಶ್ನೆ. ಪುಣೆಯಂಥ ಊರಿನಲ್ಲಿ ಒಂದೇ ತರಗತಿಯಲ್ಲಿ ಮರಾಠಿ, ಕೊಂಕಣಿ, ಮಲಯಾಳಂ, ತಮಿಳು, ಕನ್ನಡದ ಮನೆಗಳ ಮಕ್ಕಳಿದ್ದರೆ ಇಂಗ್ಲಿಷ್ ಸುಲಭದ ದಾರಿ. ಅದಕ್ಕೆ ಯಾರನ್ನೂ ದೂರಲಾಗದು. ಆದರೆ ಗದಗಿನ ಅಜ್ಜಿ ಕನ್ನಡದಲ್ಲಿ ಜಪಸರ ಹೇಳುತ್ತಿರುವಾಗ, ಪುಣೆಯ ಮೊಮ್ಮಗುವಿಗೆ ಅದೇ ಜಪ ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿದ್ದರೆ, ಒಂದೇ ಮನೆಯ ಇಬ್ಬರು ಒಟ್ಟಿಗೆ ಪ್ರಾರ್ಥಿಸಲಾರರು. ನಾಲ್ಕು ಶತಮಾನ ಉಪದೇಶಿಗಳು ಜೋಡಿಸಿಟ್ಟ ಮಾತುಗಳು, ಪರಮಪ್ರಸಾದ, ಪಾಪನಿವೇದನೆ, ಬಲಿಪೂಜೆ, ಒಂದೇ ತಲೆಮಾರಿನಲ್ಲಿ ಮನೆಯಿಂದ ಹೊರಬೀಳುತ್ತವೆ.

ಇದು ಕಥೋಲಿಕರ ಕಷ್ಟವಷ್ಟೇ ಅಲ್ಲ. ಹೊರನಾಡಿನಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರಿಗೆ ಇದು ತಮ್ಮದೇ ಕಥೆಯೆನಿಸೀತು. ಅಲ್ಲೂ ಸಂಬಳವಿಲ್ಲದ ಮೇಷ್ಟ್ರು, ಹೆಚ್ಚಾಗಿ ಮೇಡಂ. ಅಲ್ಲೂ ಒಂದು ಗಂಟೆ, ಎರಡು ಪುಸ್ತಕ, ಆಟಕ್ಕೆ ಹೋಗಬೇಕೆನ್ನುವ ಮಕ್ಕಳು. ನಾವೂ ಅವರಿಗೆ ಯುಗಾದಿ, ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ. ಕಲಿಸುವುದನ್ನು ಅವರಿಗೆ ಯಾರು ಕಲಿಸಿದರು ಎಂದು ಕೇಳುವುದಿಲ್ಲ. ತರಗತಿಯಲ್ಲಿ ಕಲಿತ ಒಂದು ಪದ, ಒಂದು ಕಥೆ ಆ ವಾರ ಮನೆಯಲ್ಲಿ ಮತ್ತೆ ಕಿವಿಗೆ ಬೀಳುವಂತೆ ತಂದೆತಾಯಿಗಳು ನೋಡಿಕೊಂಡರೆ ಆ ಮೇಷ್ಟ್ರ ಅರ್ಧ ಕೆಲಸ ಹಗುರವಾಗುತ್ತದೆ. ಮುದಗಲ್ಲಿನ ಮೇಷ್ಟ್ರಿಗೆ ಊರೇ ಆ ನೆರವು ಕೊಡುತ್ತಿತ್ತು. ಪುಣೆಯಲ್ಲಿ ಅದನ್ನು ಮನೆ ಮನೆಯಲ್ಲೂ ನಾವೇ ಹೊಂದಿಸಬೇಕು.